ರಾನ್ ಚಾಂಗ್‌ಫುವಿನ ಎಳೆ ಖಾರ

ರಾನ್ ಚಾಂಗ್‌ಫು ನಲವತ್ತೊಂದು ವರ್ಷದಿಂದ ಒಂದೇ ಒಂದು ಮಾತನ್ನು ಬಾಯಿಂದ ಆಚೆ ಬಿಟ್ಟಿರಲಿಲ್ಲ. 'ಉರಿ' ಎನ್ನುವ ಮಾತು. ಬೈಗುಳ ಬಿಟ್ಟಿದ್ದ, ಸುಳ್ಳು ಬಿಟ್ಟಿದ್ದ, ಮದುವೆ ಮನೆಯಲ್ಲಿ ಕುಡಿದು ಹಾಡನ್ನೂ ಬಿಟ್ಟಿದ್ದ. ಇದೊಂದನ್ನು ಬಿಟ್ಟಿರಲಿಲ್ಲ.

ಬಿಡುವುದಾದರೂ ಹೇಗೆ? ಚೊಂಗ್‌ಚಿಂಗಿನ ಗಾಣದ ಮೆಟ್ಟಿಲ ಓಣಿಯಲ್ಲಿ ಅವನದು ಕೆಂಪು ಕಡಾಯಿಯ ಅಂಗಡಿ. ಮೇಜಿಗೊಂದು ಕಡಾಯಿ. ಅದರ ತುಂಬ ದನದ ಕೊಬ್ಬು, ಒಣಮೆಣಸಿನಕಾಯಿ, ನಾಲಿಗೆ ಜುಮ್ಮೆನ್ನಿಸುವ ಕಾಳು ಕೊತಕೊತ ಕುದಿಯುತ್ತಿರುತ್ತದೆ. ಬಂದವರು ಬೋಟಿಯ ತುಂಡನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ, ಬೆವರುತ್ತಾರೆ, ಅಳುತ್ತಾರೆ, ನಾಳೆ ಮತ್ತೆ ಬರುತ್ತಾರೆ. ಆ ಮಸಾಲೆ ಹುರಿಯುವವನು ರಾನ್ ತಾನೇ. ಕುದಿಯುವ ಕೊಬ್ಬು ಮುಂಗೈಗೆ ಸಿಡಿದರೂ ಅವನ ಮುಖ, ಬಸ್ಸು ಐದು ನಿಮಿಷ ತಡ ಎಂದು ಯಾರೋ ಹೇಳಿದಾಗ ಎಷ್ಟು ಬದಲಾಗಬೇಕೋ ಅಷ್ಟೇ ಬದಲಾಗುತ್ತಿತ್ತು. ಖಾರ ಹುರಿಯುವವನೇ ಉರಿ ಎಂದರೆ ಗಿರಾಕಿ ಯಾವ ಮುಖ ನೋಡಿ ಒಳಗೆ ಬರಬೇಕು?

ಅದೇ ಓಣಿಯಲ್ಲಿ ಮೂವತ್ತು ಮೆಟ್ಟಿಲು ಮೇಲೆ ಮೌ ದಾಚ್ವಾನ್ ಎಂಬ ಇನ್ನೊಬ್ಬ ಮುದುಕನ ಕಡಾಯಿ ಅಂಗಡಿ. ವರ್ಷಕ್ಕೊಮ್ಮೆ, ಬೇಸಿಗೆಯ ಅತಿ ಕೆಟ್ಟ ದಿನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ದಿನ, ಈ ಇಬ್ಬರೂ ಫ್ಯಾನು ಆರಿಸಿ ಒಂದೇ ಕಡಾಯಿಯ ಎದುರುಬದುರು ಕೂರುತ್ತಿದ್ದರು. ಯಾರು ಮೊದಲು ಉರಿ ಎನ್ನುತ್ತಾನೋ, ತಣ್ಣನೆ ಚಹಾ ಮುಟ್ಟುತ್ತಾನೋ, ಅವನು ಸೋತ. ಇಪ್ಪತ್ತೊಂದು ವರ್ಷವಾಗಿತ್ತು, ಯಾರೂ ಸೋತಿರಲಿಲ್ಲ. ಇಬ್ಬರ ಹೊಟ್ಟೆಗಳು ಮಾರನೇ ದಿನ ಏನು ಹೇಳುತ್ತಿದ್ದವು ಎನ್ನುವುದು ಬೇರೆ ವಿಷಯ. ಅದನ್ನು ಹೆಂಡತಿಯರು ಬಲ್ಲರು.

ಇಂಥ ರಾನನ ಕಿಡ್ನಿಯಲ್ಲಿ ಗೌಜಲಕ್ಕಿ ಮೊಟ್ಟೆಯಷ್ಟು ಒಂದು ಗಂಟು ಸಿಕ್ಕಿತು. ಕ್ಯಾನ್ಸರ್ ಗಂಟು. ಎರಡು ಕಿಡ್ನಿ ಇದ್ದವರಿಗಾದರೆ ಕೆಟ್ಟದ್ದನ್ನು ತೆಗೆದು ಬಿಸಾಕಿ ಮನೆಗೆ ಕಳಿಸುತ್ತಿದ್ದರೋ ಏನೋ. ರಾನನಿಗೆ ಇದ್ದದ್ದೇ ಒಂದು. ಇನ್ನೊಂದು ಅವನ ಇಪ್ಪತ್ತಾರನೇ ವಯಸ್ಸಿನಲ್ಲಿ ಹೋಗಿತ್ತು. ಗೋದಾಮಿನಲ್ಲಿ ಹೆಪ್ಪುಗಟ್ಟಿದ ಕೊಬ್ಬಿನ ದಿಮ್ಮಿಯೊಂದು ಅಟ್ಟದಿಂದ ಅವನ ಬೆನ್ನ ಮೇಲೆ ಬಿದ್ದಿತ್ತು. ಆಗಲೂ ಅವನು ಕೂಗಿಕೊಂಡಿರಲಿಲ್ಲ. ಕೂಗಿಕೊಂಡಿದ್ದರೆ ಬೇಗ ಆಸ್ಪತ್ರೆಗೆ ಒಯ್ಯುತ್ತಿದ್ದರು, ಕಿಡ್ನಿ ಉಳಿಯುತ್ತಿತ್ತು ಎಂದು ಹೆಂಡತಿ ಪು ಗುಯ್‌ಫೆನ್ ಇವತ್ತಿಗೂ ಹೇಳುತ್ತಾಳೆ. ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾಳೆ.

ಚಾಕು ಹಿಡಿಯುವ ದೊಡ್ಡ ಡಾಕ್ಟರು ಸ್ಕ್ಯಾನನ್ನು ನೋಡಿದ್ದು ಹನ್ನೊಂದು ಸೆಕೆಂಡು. ರಾನ್ ಎಣಿಸಿದ್ದ. ರಾನನ ಮುಖ ನೋಡಿದ್ದು ಸೊನ್ನೆ ಸೆಕೆಂಡು. "ಕೊಯ್ಯಬಹುದು. ಆದ್ರೆ ಉಳಿದ ಕಿಡ್ನಿ ಕೈ ಕೊಟ್ರೆ ವಾರಕ್ಕೆ ಮೂರು ಸಲ ರಕ್ತ ಸೋಸೋ ಮಶೀನಿಗೆ ಬಂದು ಮಲಗ್ಬೇಕು. ಮುಂದಿನವರು!" ಮೂರು ತಾಸು ಸಾಲಿನಲ್ಲಿ ನಿಂತದ್ದಕ್ಕೆ ಸಿಕ್ಕಿದ್ದು ಇಷ್ಟು. ಮೀನು ಮಾರುವವನೂ ಗಿರಾಕಿಯ ಮುಖ ನೋಡಿಯೇ ಮೀನಿನ ತಲೆ ಕತ್ತರಿಸುತ್ತಾನೆ.

ಕಾರಿಡಾರಿನ ಆ ತುದಿಯ ಕೋಣೆಯಲ್ಲಿ ಡಾಕ್ಟರ್ ಫೇ ಸಿಕ್ಕಳು. ಮೂವತ್ತೈದರ ಹೆಂಗಸು, ವೂಶಿ ಊರಿನವಳು, ಸೊಪ್ಪಿನ ಪಲ್ಯಕ್ಕೂ ಸಕ್ಕರೆ ಹಾಕುವ ಸೀಮೆಯವಳು. ಅವಳು ಕುರ್ಚಿ ಎಳೆದು ಕೊಟ್ಟಳು. ಅಷ್ಟಕ್ಕೇ ಗುಯ್‌ಫೆನ್ ಅವಳನ್ನು ಮನೆಮಗಳು ಮಾಡಿಕೊಂಡುಬಿಟ್ಟಳು.

"ಕೊಯ್ಯೋದು ಬೇಡ ಚಿಕ್ಕಪ್ಪ," ಎಂದಳು ಡಾಕ್ಟರ್ ಫೇ. "ಸದ್ದಿನಿಂದ ಸುಡೋಣ. ಕಿವಿಗೆ ಕೇಳದಂಥ ಸದ್ದು. ಹೊರಗಿಂದ ಬಿಡ್ತೀವಿ, ಚರ್ಮ ದಾಟಿ ಒಳಗೆ ಹೋಗಿ ಗಂಟಿನ ಮೇಲೆ ಒಂದೇ ಕಡೆ ಸೇರ್ಕೊಳತ್ತೆ. ಸೇರ್ಕೊಂಡ ಕಡೆ ಮಾತ್ರ ಬೇಯತ್ತೆ."

"ಸದ್ದಿನಿಂದ ಮಾಂಸ ಬೇಯತ್ತಾ?" ರಾನನಿಗೆ ಇದು ತನ್ನ ಕಸುಬಿಗೇ ಮಾಡಿದ ಅವಮಾನ ಎನ್ನಿಸಿತು. "ನಲವತ್ತು ವರ್ಷ ಒಲೆ ಮುಂದೆ ನಿಂತಿದೀನಿ ಡಾಕ್ಟ್ರೇ. ಒಂದು ಬೋಟಿ ತುಂಡೂ ಸದ್ದಿಗೆ ಬೆಂದಿಲ್ಲ."

"ಯಾಕ್ ಬೇಯಲ್ಲ?" ಗುಯ್‌ಫೆನ್ ನಡುವೆ ಬಾಯಿ ಹಾಕಿದಳು. "ಓಣಿ ಹೆಂಗಸ್ರು ಒಬ್ಬೊಬ್ರಾಗಿ ಬೈದ್ರೆ ನಿಂಗೇನೂ ಆಗಲ್ಲ. ಅರವತ್ತು ಜನ ಅರವತ್ತು ಕಿಟಕಿಯಿಂದ ಒಂದೇ ಸಲ ನಿನ್ನೊಬ್ಬನ್ನೇ ಬೈದ್ರೆ? ಕಿವಿ ಬೇಯಲ್ವಾ?"

"ಬೇಯತ್ತೆ," ಎಂದು ರಾನ್ ಒಪ್ಪಿಕೊಂಡ.

"ಚಿಕ್ಕಮ್ಮ ನನಗಿಂತ ಚೆನ್ನಾಗಿ ಹೇಳಿದ್ರು," ಎಂದಳು ಡಾಕ್ಟರ್ ಫೇ. "ಇದು ಎಲ್ಲರಿಗೂ ಆಗಲ್ಲ, ಖಾತ್ರಿನೂ ಕೊಡಲ್ಲ. ನಿಮ್ಮ ಗಂಟು ಚಿಕ್ಕದು, ಒಳ್ಳೆ ಜಾಗದಲ್ಲಿದೆ. ಒಂದೇ ಒಂದು ಕರಾರು. ಪೂರ್ತಿ ನಿದ್ದೆ ಬರಿಸಲ್ಲ, ಅರೆ ಮಂಪರು ಅಷ್ಟೇ. ಸದ್ದು ತಪ್ಪಿ ಚರ್ಮಕ್ಕೋ ನರಕ್ಕೋ ತಾಗಿದ್ರೆ ಪರದೆ ಮೇಲೆ ನಂಗೆ ತಕ್ಷಣ ಕಾಣಲ್ಲ. ನಿಮಗೆ ಗೊತ್ತಾಗತ್ತೆ. ಎಷ್ಟು ಬಿಸಿ ಅಂತ ನೀವು ಬಾಯಿಬಿಟ್ಟು ಹೇಳ್ಬೇಕು. ನಾನು ಕೇಳಿದಾಗ್ಲೆಲ್ಲ, ನಿಜ ಹೇಳ್ಬೇಕು."

"ಹೇಳ್ತೀನಿ."

"ಸೊನ್ನೆಯಿಂದ ಹತ್ತರವರೆಗೆ ಒಂದು ನಂಬರ್ ಹೇಳಿ ಅಂತ ಕೇಳ್ತೀವಿ ಸಾಮಾನ್ಯವಾಗಿ..."

ರಾನನ ಮುಖ ನೋಡಿ ಡಾಕ್ಟರ್ ಫೇಗೆ ಕನಿಕರ ಬಂತು. ಮುದುಕನಿಗೆ ಅವನ ಭಾಷೆಯಲ್ಲೇ ಹೇಳಿದರೆ ಸಲೀಸು ಎಂದುಕೊಂಡಳು. ಅಲ್ಲೇ ಕೆಟ್ಟಿತು ಕೆಲಸ.

"ನಿಮ್ಮ ಅಂಗಡಿ ಲೆಕ್ಕದಲ್ಲೇ ಹೇಳಿಬಿಡಿ ಚಿಕ್ಕಪ್ಪ. ಎಳೆ ಖಾರ, ನಡು ಖಾರ, ಕಡು ಖಾರ. ಎಳೆ ಅಂದ್ರೆ ಮುಂದುವರಿಸ್ತೀನಿ. ನಡು ಅಂದ್ರೆ ತಗ್ಗಿಸ್ತೀನಿ. ಕಡು ಅಂದ್ರೆ ನಿಲ್ಲಿಸ್ತೀನಿ."

"ಇದು ಮಾತು!" ಎಂದ ರಾನ್. ಗುಯ್‌ಫೆನ್ ಯಾಕೋ ಕೆಮ್ಮಿದಳು. ಯಾರೂ ಗಮನಿಸಲಿಲ್ಲ.

ಮೂರು ದಿನ ಬರೀ ಅಕ್ಕಿ ಗಂಜಿ. ಹಾಲಿಲ್ಲ, ಸೋಯಾ ಇಲ್ಲ, ಕಾಳಿಲ್ಲ. ಹೊಟ್ಟೆಯಲ್ಲಿ ಗಾಳಿ ನಿಂತರೆ ಸದ್ದು ದಾಟುವುದಿಲ್ಲವಂತೆ. ದಿನಕ್ಕೆರಡು ಸಲ ನರ್ಸು ಬಂದು "ಗಾಳಿ ಹೋಯ್ತಾ?" ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದಳು. ನಲವತ್ತೊಂದು ವರ್ಷ ಮರ್ಯಾದೆಯಿಂದ ಬಾಳಿದ ಮನುಷ್ಯ ಇದಕ್ಕೆ ಹೌದು, ಇಲ್ಲ ಎಂದು ಉತ್ತರ ಕೊಡಬೇಕಾಯಿತು. ಅದೂ ಪಕ್ಕದ ಹಾಸಿಗೆಯಲ್ಲಿ ಯಾರು ಬಿದ್ದುಕೊಂಡಿದ್ದರು ಅಂತೀರಿ? ಮೌ ದಾಚ್ವಾನ್.

ಮೌಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಅವನಿಗೂ ಇದೇ ಸದ್ದಿನ ಸುಡುವಿಕೆ, ಹಿಂದಿನ ದಿನವೇ ಮುಗಿದಿತ್ತು. ಉಚ್ಚೆ ಚೀಲವನ್ನು ಕೈಯಲ್ಲಿ ಹಿಡಿದು, ಕಲ್ಲಂಗಡಿ ಬೀಜ ಕಚ್ಚುತ್ತಾ, ಮಹಾರಾಜನ ಹಾಗೆ ವಾರ್ಡು ಸುತ್ತುತ್ತಿದ್ದ.

"ಲೋ ರಾನ್, ನಾನು ಉಸಿರೂ ಎತ್ತಲಿಲ್ಲ ಕಣೋ. ಡಾಕ್ಟ್ರು ಹೆದರಿ, ಬದುಕಿದೀಯೇನಪ್ಪ ಅಂತ ಕೇಳಿದ್ರು. ಏನಮ್ಮಾ, ಮಶೀನು ಶುರು ಮಾಡಿದ್ರಾ ಅಂತ ನಾನೇ ತಿರುಗಿ ಕೇಳ್ದೆ."

"ನಿಂದು ಕೆಳಗಿಂದು. ನಂದು ಕಿಡ್ನಿ. ಕಿಡ್ನಿ ದೊಡ್ಡದು," ಎಂದ ರಾನ್. ಇನ್ನೇನು ಹೇಳುವುದು?

"ನಾಳೆ ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಆ ಗೋಡೆ ಬಲು ತೆಳ್ಳಗಿದೆ. ಒಳಗೆ ಮಾತಾಡಿದ್ದೆಲ್ಲ ಕೇಳತ್ತೆ."

ಮರುದಿನ ಬೆಳಿಗ್ಗೆ ರಾನನ ಬೆನ್ನಿನ ಕೂದಲು ಬೋಳಿಸಿ, ಸ್ಪಿರಿಟ್ಟಿನಿಂದ ತಿಕ್ಕಿ, ಮಶೀನಿನ ನೀರು ತೊಟ್ಟಿಯ ಮೇಲೆ ಓರೆಯಾಗಿ ಮಲಗಿಸಿದರು. ನೀರು ತಣ್ಣಗೆ ಪಕ್ಕೆಯನ್ನು ಮುಟ್ಟಿತು. ಡಾಕ್ಟರ್ ಫೇ ಗಾಜಿನ ಆಚೆ ಪರದೆಯ ಮುಂದೆ ಕೂತಳು. ಅವಳ ದನಿ ಸ್ಪೀಕರಿನಲ್ಲಿ ಬಂತು.

"ಶುರು ಮಾಡ್ತೀನಿ ಚಿಕ್ಕಪ್ಪ. ಹೇಗಿದೆ?"

"ಎಳೆ ಖಾರ."

ಅವನು ಸುಳ್ಳು ಹೇಳಲಿಲ್ಲ. ಇದನ್ನು ಎಲ್ಲರೂ ಸರಿಯಾಗಿ ತಿಳಿದುಕೊಳ್ಳಬೇಕು. ಯಾರೋ ಕಾದ ಸಲಾಕೆಯನ್ನು ಪಕ್ಕೆಗೆ ಒತ್ತಿ ಹಿಡಿದಂತಾಯಿತು, ನಿಜ. ಆದರೆ ಗಾಣದ ಮೆಟ್ಟಿಲ ಓಣಿಯಲ್ಲಿ ಎಳೆ ಖಾರ ಎಂದರೆ ಅದೇ. ಹೊರ ಊರಿನ ಗಟ್ಟಿಮುಟ್ಟಾದ ಲಾರಿ ಡ್ರೈವರುಗಳು ಎಳೆ ಖಾರ ತಿಂದು ನಲ್ಲಿಗೆ ಬಾಯಿ ಕೊಟ್ಟು ಕೂತದ್ದನ್ನು ರಾನ್ ಕಣ್ಣಾರೆ ನೋಡಿದ್ದ. ಅಳತೆ ಮಾಡಿ, ಯೋಚಿಸಿ, ಪ್ರಾಮಾಣಿಕವಾಗಿ ಹೇಳಿದ.

"ಈಗ?"

"ಎಳೆ."

"ಈಗ ಸ್ವಲ್ಪ ಏರಿಸಿದೀನಿ."

"ಎಳೆ... ಎಳೆಯಲ್ಲೇ ಸ್ವಲ್ಪ ಬಲಿತದ್ದು."

ಗೋಡೆಯಾಚೆ ಬೀಜ ಕಚ್ಚುವ ಸದ್ದು ನಿಂತಿತ್ತು. ರಾನನ ಕಾಲ್ಬೆರಳುಗಳು ಒಂದರ ಮೇಲೊಂದು ಹತ್ತಿಕೊಂಡವು. ನಾಡಿ ಬಡಿತದ ಮಶೀನು ಕೀಚಲು ದನಿಯಲ್ಲಿ ಅರಚತೊಡಗಿತು. ನರ್ಸು ಬಗ್ಗಿ ನೋಡಿದವಳೇ "ಡಾಕ್ಟ್ರೇ, ನಿಲ್ಸಿ!" ಎಂದು ಚೀರಿದಳು.

ಪಕ್ಕೆಯ ಮೇಲೆ ಅಂಗೈಯಗಲದ ಬೊಕ್ಕೆ ಎದ್ದಿತ್ತು. ಒಳಗಿನ ಗಂಟು ಕಾಲು ಭಾಗವೂ ಬೆಂದಿರಲಿಲ್ಲ.

ಡಾಕ್ಟರ್ ಫೇ ಓಡಿ ಬಂದಳು. "ಎಳೆ ಖಾರ ಅಂದ್ರಲ್ಲ ಚಿಕ್ಕಪ್ಪ!"

"ಎಳೆ ಖಾರವೇ."

"ಚರ್ಮ ಸುಟ್ಟಿದೆ!"

"ಎಳೆ ಖಾರದಲ್ಲಿ ಸುಡಬಾರದು ಅಂತ ಯಾರು ಹೇಳಿದ್ದು?"

ಹತ್ತು ದಿನ ಬಿಟ್ಟು, ಚರ್ಮದ ಗಾಯ ಮಾಯ್ದ ಮೇಲೆ ಇನ್ನೊಂದೇ ಒಂದು ಸಲ ಪ್ರಯತ್ನ, ಆಗಲೂ ಹೀಗೇ ಆದರೆ ಮಶೀನು ಮುಟ್ಟುವುದಿಲ್ಲ, ಚಾಕುವಿನ ಡಾಕ್ಟರ ಬಳಿಗೇ ಹೋಗಬೇಕು ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ಹನ್ನೊಂದು ಸೆಕೆಂಡಿನ ಆ ಮನುಷ್ಯನ ನೆನಪಾಗಿ ರಾನನ ಇದ್ದೊಂದು ಕಿಡ್ನಿ ಒಳಗೇ ಮುದುರಿಕೊಂಡಿತು.

ಗುಯ್‌ಫೆನ್ ಯಾರನ್ನು ಮೊದಲು ಬೈಯಬೇಕೆಂದು ಒಂದು ಕ್ಷಣ ಯೋಚಿಸಿ, ಇಬ್ಬರನ್ನೂ ಒಟ್ಟಿಗೇ ಬೈದಳು. "ಇವನಿಗೆ ಎಳೆ ಅಂದ್ರೇನು ಅಂತ ಗೊತ್ತಿಲ್ಲ, ನಿನಗೆ ಖಾರ ಅಂದ್ರೇನು ಅಂತ ಗೊತ್ತಿಲ್ಲ. ಇಬ್ರೂ ಸೇರಿ ನನ್ನ ಗಂಡನ್ನ ಸುಟ್ಟಾಕಿದ್ರಿ. ಮಗಳೇ, ಭಾನುವಾರ ಅಂಗಡಿಗೆ ಬಾ. ಬರದಿದ್ರೆ ನಾನೇ ಬಂದು ಎಳ್ಕೊಂಡು ಹೋಗ್ತೀನಿ."

ಭಾನುವಾರ ಡಾಕ್ಟರ್ ಫೇ ಬಂದಳು. ಗುಯ್‌ಫೆನ್ ಅವಳ ಮುಂದೆ ಎಳೆ ಖಾರದ ಕಡಾಯಿ ಇಟ್ಟಳು. ಡಾಕ್ಟರ್ ಒಂದೇ ಒಂದು ತುಂಡು ಬೋಟಿ ಅದ್ದಿ ಬಾಯಿಗೆ ಹಾಕಿಕೊಂಡಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಕನ್ನಡಕ ಮಂಜಾಯಿತು. ಆಮೇಲೆ ಬಿಕ್ಕಳಿಕೆ. ಆಮೇಲೆ ಅವಳು ಎದ್ದು ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಜನ್ನು ಎರಡು ಸುತ್ತು ಹಾಕಿ, ಪಕ್ಕದ ಮೇಜಿನ ಅಪರಿಚಿತ ಗಿರಾಕಿಯ ಚಹಾವನ್ನು ಅವನ ಕೈಯಿಂದಲೇ ಕಿತ್ತು ಕುಡಿದಳು.

"ಇದು... ಇದು ಎಳೆನಾ?"

"ಮಗೂಗೆ ಅನ್ನ ತಿನ್ನೋಕೆ ಕಲಿಸೋವಾಗ ಕೊಡೋದು," ಎಂದ ರಾನ್, ಹೆಮ್ಮೆಯಿಂದ.

ಅರ್ಧ ತಾಸಿನ ಮೇಲೆ ಡಾಕ್ಟರ್ ಫೇಗೆ ಮಾತು ಮರಳಿತು. ತುಟಿಗಳು ಊದಿ, ಬೇರೆ ಯಾರದೋ ತುಟಿಗಳಂತಿದ್ದವು. "ಚಿಕ್ಕಪ್ಪ, ತಪ್ಪು ನಂದು. ಎಳೆ, ನಡು, ಕಡು ಎಲ್ಲ ರದ್ದು. ಇನ್ನು ಒಂದೇ ಮಾತು. ಬಿಸಿ ತಾಗಿದ ಕೂಡ್ಲೇ ನೀವು 'ಉರಿ' ಅನ್ಬೇಕು. ಬಾಯಿಬಿಟ್ಟು, ನಂಗೆ ಕೇಳೋ ಹಾಗೆ."

ರಾನನ ಕೈಯಲ್ಲಿದ್ದ ಸೌಟು ನಿಂತಿತು. "ಬೇರೆ ಮಾತಿಲ್ವಾ?"

"ಯಾಕೆ, ಈ ಮಾತಿಗೇನಾಗಿದೆ?"

"ಕೈ ಎತ್ತಲಾ?"

"ಕೈ ಎತ್ತಿದ್ರೆ ಮೈ ಅಲ್ಲಾಡತ್ತೆ. ಮೈ ಅಲ್ಲಾಡಿದ್ರೆ ಸದ್ದು ತಪ್ಪತ್ತೆ."

"ಸೀಟಿ ಹೊಡೀಲಾ?"

"ಏ ಮುದುಕಾ!" ಗುಯ್‌ಫೆನ್ ಮೇಜು ಗುದ್ದಿದಳು. "ಕಿಡ್ನಿ ಬೇಕೋ, ಆ ಮೌ ಮುಂದೆ ಮೂತಿ ಬಿಗಿಯೋದು ಬೇಕೋ?"

ಹೀಗೆ ನೇರವಾಗಿ ಕೇಳಿದರೆ ಯಾವ ಗಂಡಸು ತಾನೇ ತಟ್ಟನೆ ಉತ್ತರ ಕೊಟ್ಟಾನು? ರಾನ್ ಎರಡು ದಿನ ಯೋಚಿಸಿದ. ಎರಡು ದಿನ! ಜೀವ ಒಂದು ಕಡೆ, ಹರಕು ಓಣಿಯ ಹೊಗಳಿಕೆ ಇನ್ನೊಂದು ಕಡೆ; ಆ ತಕ್ಕಡಿ ಎರಡು ದಿನ ಅಲ್ಲಾಡುತ್ತಲೇ ಇತ್ತು. ಇಂಥ ತಲೆಗಳನ್ನು ಇಟ್ಟುಕೊಂಡೇ ಗಂಡಸರು ಊರು ಆಳುತ್ತಾರೆ.

ಮೂರನೇ ದಿನ ಅಡುಗೆಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಅಭ್ಯಾಸಕ್ಕೆ ನಿಂತ. "ಉ..." ಎಂದ. ಮತ್ತೆ "ಉ..." ಎಂದ. ಹೆಂಡತಿ ಬಾಗಿಲಿಗೆ ಕಿವಿ ಕೊಟ್ಟು ಕಾದಳು. "ಉ... ಉಪ್ಪು ಕಮ್ಮಿಯಾಗಿದೆ" ಎಂದು ಅವನು ಹೊರಗೆ ಬಂದ.

ಹತ್ತನೇ ದಿನ ಮತ್ತೆ ನೀರು ತೊಟ್ಟಿ, ಮತ್ತೆ ಗಾಜಿನಾಚೆ ಡಾಕ್ಟರ್ ಫೇ. ಉಚ್ಚೆ ಚೀಲ ತೆಗೆಸಿಕೊಳ್ಳಲು ಬಂದಿದ್ದ ಮೌ, ತನ್ನ ಸರದಿಯನ್ನು ಮೂವರಿಗೆ ಬಿಟ್ಟುಕೊಟ್ಟು ಅದೇ ಬೆಂಚಿನ ಮೇಲೆ ಕೂತಿದ್ದ. ಬೀಜ ಕಚ್ಚುವ ಸದ್ದು ರಾನನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಟಕ್. ಕಟಕ್.

"ಶುರು ಚಿಕ್ಕಪ್ಪ. ಹೇಗಿದೆ?"

"ಏನಿಲ್ಲ." ನಿಜವಾಗಿ ಏನೂ ಇರಲಿಲ್ಲ.

"ಈಗ?"

"ಬೆಚ್ಚಗಿದೆ." ಇದನ್ನು ಹೇಳಲೇ ಅವನಿಗೆ ಬೆವರು ಬಂತು.

ಆರನೇ ಸಲವೋ ಏಳನೇ ಸಲವೋ, ಸದ್ದು ಪಕ್ಕೆಯಿಂದ ಜಾರಿ ತೊಡೆಯ ನರಕ್ಕೆ ಇಳಿಯಿತು. ಕಾಲಿನುದ್ದಕ್ಕೂ ಕುದಿಕೊಬ್ಬು ಸುರಿದ ಹಾಗೆ. ರಾನ್ ಹಲ್ಲು ಕಚ್ಚಿದ. ಗೋಡೆಯಾಚೆ, ಕಟಕ್. ಅವನ ಕಣ್ಣ ಮುಂದೆ ಇಪ್ಪತ್ತೊಂದು ಬೇಸಿಗೆಗಳು ಬಂದು ನಿಂತವು. ಅವುಗಳ ಹಿಂದೆ ವಾರಕ್ಕೆ ಮೂರು ಸಲ ಮಲಗಬೇಕಾದ ರಕ್ತ ಸೋಸುವ ಮಶೀನು ಬಂದು ನಿಂತಿತು. ಅದರ ಪಕ್ಕದಲ್ಲಿ ಗುಯ್‌ಫೆನ್, ವಾರಕ್ಕೆ ಮೂರು ಸಲವೂ ಅವನ ತಲೆದೆಸೆಯಲ್ಲಿ ಕೂತು, ಆ ಕೊಬ್ಬಿನ ದಿಮ್ಮಿಯ ಕಥೆಯನ್ನು ಮೊದಲಿಂದ ಹೇಳುತ್ತಿದ್ದಳು.

"ಉರಿ!" ಎಂದು ರಾನ್ ಕಿರುಚಿದ. "ಉರೀ! ಕಾಲು ಉರೀತಿದೆ! ಅಯ್ಯಯ್ಯೋ ಉರಿ ಕಣಮ್ಮಾ!"

ಡಾಕ್ಟರ್ ಫೇ ತಕ್ಷಣ ಸದ್ದು ನಿಲ್ಲಿಸಿದಳು. "ಶಭಾಷ್ ಚಿಕ್ಕಪ್ಪ! ಜಾಗ ಬದಲಿಸ್ತೀನಿ, ಅಲ್ಲಾಡ್ಬೇಡಿ."

ಗೋಡೆಯಾಚೆ ಬೀಜದ ಸದ್ದು ನಿಂತುಹೋಗಿತ್ತು. ರಾನ್ ಕಣ್ಣು ಮುಚ್ಚಿ ನಗೆಗಾಗಿ ಕಾದ. ಈಗ ನಗುತ್ತಾನೆ. ಈಗ ಇಡೀ ಕಾರಿಡಾರಿಗೆ ಸಾರುತ್ತಾನೆ.

ಧಡಾರನೆ ಬಾಗಿಲು ತೆರೆಯಿತು. ಮೌ ದಾಚ್ವಾನ್ ಒಳಗೆ ನುಗ್ಗಿದ. ಕಾಲಲ್ಲಿ ಒಂದೇ ಚಪ್ಪಲಿ, ಕೈಯಲ್ಲಿ ಅಲ್ಲಾಡುವ ಉಚ್ಚೆ ಚೀಲ, ಹಿಂದೆ ಬಿಚ್ಚಿಕೊಂಡ ಆಸ್ಪತ್ರೆ ಅಂಗಿ.

"ನಿಲ್ಸೀ! ನಿಲ್ಸೀ! ಅವನು ಸಾಯ್ತಾ ಇದಾನೆ!"

"ಯಾರು ಸಾಯ್ತಿರೋದು? ಹೊರಗೆ ನಡೀರಿ!" ನರ್ಸು ಅಡ್ಡ ಬಂದಳು.

"ರಾನ್ ಉರಿ ಅಂದ ಕಣಮ್ಮಾ! ನನ್ನ ಕಿವಿಯಾರೆ ಕೇಳ್ದೆ! ಇಪ್ಪತ್ತೊಂದು ವರ್ಷ ಆ ಮನುಷ್ಯನ ಎದುರು ಕೂತಿದೀನಿ. ತುಟಿ ಊದಿ ಬೋಂಡ ಆದ್ರೂ ಅಂದಿಲ್ಲ, ಕಣ್ಣಿಂದ ರಕ್ತ ಬರೋ ಹಾಗಾದ್ರೂ ಅಂದಿಲ್ಲ. ಅವನು ಉರಿ ಅಂದ್ರೆ ಒಳಗೆ ಎಲ್ಲಾ ಬೆಂದು ಕರಕಲಾಗಿದೆ ಅಂತ ಲೆಕ್ಕ! ಎಲ್ಲಿ, ಪ್ಲಗ್ಗು ಎಲ್ಲಿ?"

ಗೋಡೆಯ ಬಳಿ ಕೈಗೆ ಸಿಕ್ಕಿದ ಪ್ಲಗ್ಗನ್ನು ಮೌ ಎಳೆದು ಬಿಸಾಡಿದ. ಅದು ನರ್ಸಿನ ಫೋನ್ ಚಾರ್ಜರು. ಮಶೀನು ಏನೂ ಆಗದವರ ಹಾಗೆ ಗುಂಯ್‌ಗುಟ್ಟುತ್ತಲೇ ಇತ್ತು. ಮೌ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗುಯ್‌ಫೆನ್ ಬಂದು ಅವನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡಳು. ಹಿಡಿಯಲು ಅಂಗಿ ಹೆಚ್ಚು ಉಳಿದಿರಲಿಲ್ಲ.

"ಲೋ ಮೌ," ಎಂದ ರಾನ್. ಅಲ್ಲಾಡುವ ಹಾಗಿಲ್ಲ, ಅವನಿಗೆ ಕಾಣುತ್ತಿದ್ದದ್ದು ಆ ಒಂಟಿ ಚಪ್ಪಲಿ ಮಾತ್ರ. "ನಾನು ಸಾಯ್ತಿಲ್ಲ ಕಣೋ. ಸುಮ್ನೆ ಉರೀತು, ಅದಕ್ಕೆ ಅಂದೆ."

"ಸುಮ್ನೆ ಉರಿ ಅನ್ನೋನಾ ನೀನು?"

"ಉರಿ ಅಂದ್ರೇನೇ ಕಿಡ್ನಿ ಉಳಿಯೋದಂತೆ."

ಮೌ ಗೋಡೆಗೆ ಒರಗಿ ಕೂತುಬಿಟ್ಟ. ಕಣ್ಣು ತುಂಬಿಕೊಂಡಿತ್ತು. "ಹಂಗಾದ್ರೆ ಅನ್ನು ಮಾರಾಯ. ಎಷ್ಟು ಸಲ ಬೇಕಾದ್ರೂ ಅನ್ನು. ನಾನು ಯಾರಿಗೂ ಹೇಳಲ್ಲ."

"ಹೇಳ್ಕೋ ಹೋಗು. ನೀನು ಉಸಿರೂ ಎತ್ತಲಿಲ್ಲವಲ್ಲ, ಧೀರ."

ನರ್ಸಿಗೆ ತಡೆಯಲಾಗಲಿಲ್ಲ. ಚಾರ್ಜರಿನ ಸಿಟ್ಟು ಬೇರೆ ಇತ್ತು. "ಇವರಾ? ಇವರು ಅಮ್ಮಾ ಅಮ್ಮಾ ಅಂತ ಕೂಗಿ ಮೂರನೇ ಮಹಡಿಯವರು ಇಳಿದು ಬಂದಿದ್ರು. ಮಶೀನು ಇನ್ನೂ ಶುರುವೇ ಆಗಿರಲಿಲ್ಲ. ಸ್ಪಿರಿಟ್ ಒರೆಸ್ತಾ ಇದ್ದೆ ಅಷ್ಟೇ."

"ತಣ್ಣಗಿತ್ತಮ್ಮ ಅದು!" ಎಂದ ಮೌ. "ಉರಿ ಅಂದಿದ್ರೆ ಕೇಳು. ತಣ್ಣಗಿದೆ ಅಂದ್ರೆ ಸೋತ ಹಾಗಲ್ಲ."

ನಗು ಒತ್ತಿಬಂದು ರಾನನ ಮೈ ಕುಲುಕಿತು. "ಅಲ್ಲಾಡ್ಬೇಡಿ!" ಎಂದು ಸ್ಪೀಕರಿನಲ್ಲಿ ಡಾಕ್ಟರ್ ಫೇ ಗದರಿದಳು, ಅವಳ ದನಿಯೂ ನಡುಗುತ್ತಿತ್ತು. ನಗು ಆರಲು ಹತ್ತು ನಿಮಿಷ ಬೇಕಾಯಿತು. ಮೌವನ್ನು ಹೊರಗೆ ಹಾಕಿ ಬಾಗಿಲಿಗೆ ಚಿಲಕ ಹಾಕಿದರು.

ಆಮೇಲೆ ಕೆಲಸ ಎರಡೂವರೆ ತಾಸು ನಡೆಯಿತು. ರಾನ್ ಇಪ್ಪತ್ತಾರು ಸಲ ಉರಿ ಎಂದ. ಮೊದಮೊದಲು ಕಿರುಚಿ, ಆಮೇಲೆ ಗೊಣಗಿ, ಕೊನೆಕೊನೆಗೆ ಅಂಗಡಿಯಲ್ಲಿ ಮೂರನೇ ಮೇಜಿಗೆ ಚಹಾ ಎನ್ನುವಷ್ಟು ಸಲೀಸಾಗಿ. ಪ್ರತಿ ಸಲವೂ ಡಾಕ್ಟರ್ ಕೂದಲೆಳೆಯಷ್ಟು ಅತ್ತ ಸರಿಸಿದಳು, ಇತ್ತ ಸರಿಸಿದಳು. ಪರದೆಯ ಮೇಲೆ ಗಂಟಿನ ಕಪ್ಪು ಒಂದೊಂದೇ ಚುಕ್ಕೆಯಾಗಿ ಬೂದಿ ಬಣ್ಣಕ್ಕೆ ತಿರುಗಿತು.

ಮರುದಿನ ಬಣ್ಣದ ಮದ್ದು ಚುಚ್ಚಿ ಸ್ಕ್ಯಾನ್ ಮಾಡಿದರು. ಗಂಟಿಗೆ ರಕ್ತ ಹರಿಯುತ್ತಿರಲಿಲ್ಲ, ಸುತ್ತಲ ಕಿಡ್ನಿ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಮೂರು ತಿಂಗಳಿಗೆ ಮತ್ತೆ ನೋಡಬೇಕು, ಈಗಲೇ ಕುಣಿಯಬೇಡಿ ಎಂದಳು ಡಾಕ್ಟರ್ ಫೇ. ಹೇಳುವಾಗ ಅವಳೇ ಕುರ್ಚಿಯ ಮೇಲೆ ಸ್ವಲ್ಪ ಕುಣಿದ ಹಾಗೆ ರಾನನಿಗೆ ಕಂಡಿತು.

ಮಧ್ಯಾಹ್ನ ಗುಯ್‌ಫೆನ್ ಮನೆಯಿಂದ ಗಂಜಿ ತಂದಳು. ರಾನ್ ಒಂದು ಚಮಚ ಬಾಯಿಗಿಟ್ಟು, ಹಾಗೇ ತಟ್ಟೆಗೆ ವಾಪಸು ಬಿಟ್ಟ.

"ಬಿಸಿಯಿದೆ ಕಣೇ," ಎಂದ. "ಬಾಯಿ ಸುಡ್ತಿದೆ. ಸ್ವಲ್ಪ ಊದಿ ಕೊಡು."

ಗುಯ್‌ಫೆನ್ ಗಂಡನ ಮುಖವನ್ನೇ ನೋಡಿದಳು. ಮೂವತ್ತೆಂಟು ವರ್ಷದ ಸಂಸಾರ. ಚಮಚ ಕಿತ್ತುಕೊಂಡು, ಗಂಜಿಯಲ್ಲಿ ಅದ್ದಿ, ಮತ್ತೆ ಅವನ ಕೈಗೇ ತುರುಕಿದಳು.

"ಬಾಯಿ ಈಗ ತೆರೀತಲ್ಲ," ಎಂದಳು. "ನೀನೇ ಊದ್ಕೋ."